ತುಟಿ ಎತ್ತಿ ನೋಡದ ಬಾಯಿ

ಕುಷ್ಟಗಿ, ಯಲಬುರ್ಗಾ ಕಡೆಯ ದನದ ಸಂತೆಯಲ್ಲಿ ಎತ್ತಿನ ಬಾಯಿ ನೋಡದೆ ಯಾರೂ ದುಡ್ಡು ಎಣಿಸುವುದಿಲ್ಲ. ಕೊಳ್ಳುವವನು ಎಡಗೈಯಲ್ಲಿ ಮೂಗುದಾರ ಹಿಡಿದು ಬಲಗೈ ಹೆಬ್ಬೆರಳಿನಿಂದ ಕೆಳತುಟಿ ಜಗ್ಗುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಆರು ಹಲ್ಲೋ, ಬಾಯಿಗೂಡಿದೆಯೋ ಎಂದು ಒಂದು ನೋಟಕ್ಕೆ ಹೇಳುತ್ತಾನೆ. ಕುರಿ ಕೊಳ್ಳುವಾಗಲೂ ಇದೇ ಪರೀಕ್ಷೆ. ಹಲ್ಲು ಸವೆದ ಕುರಿ ಮೇಯಲಾರದು, ಮೇಯದ ಕುರಿ ಮರಿ ಸಾಕಲಾರದು ಎಂಬ ಲೆಕ್ಕ ಕುರಿಗಾಹಿ ಹುಡುಗರಿಗೂ ಗೊತ್ತು. ಆದರೆ ಅದೇ ಮನೆಯ ಕಟ್ಟೆಯ ಮೇಲೆ ಮಲಗುವ, ಅದೇ ಕುರಿಹಟ್ಟಿಯನ್ನು ರಾತ್ರಿಯಿಡೀ ಕಾಯುವ ನಾಯಿಯ ತುಟಿಯನ್ನು ಅದರ ಇಡೀ ಆಯುಷ್ಯದಲ್ಲಿ ಒಮ್ಮೆಯೂ ಯಾರೂ ಎತ್ತಿ ನೋಡಿರುವುದಿಲ್ಲ. ನಾತ ಬರುತ್ತಿದೆಯಲ್ಲ ಎಂದರೆ ಉತ್ತರ ಸಿದ್ಧ: ‘ನಾಯಿ ಬಾಯಿ ನಾರದ ಇರತೈತೇನ್ರಿ?’

ಇರುತ್ತದೆ. ಆರೋಗ್ಯವಾಗಿರುವ ನಾಯಿಯ ಬಾಯಿ ಮೂಗು ಮುಚ್ಚಿಕೊಳ್ಳುವಷ್ಟು ನಾರುವುದಿಲ್ಲ. ಹತ್ತಿರ ಬಂದರೆ ಮುಖ ತಿರುಗಿಸಬೇಕೆನಿಸುವ ಗಬ್ಬು ವಾಸನೆ ನಾಯಿಯ ಜಾತಿಗುಣವಲ್ಲ, ಅದರ ಒಸಡು ಕೊಳೆಯುತ್ತಿರುವುದರ ಸುದ್ದಿ. ಈ ಒಂದು ಮಾತನ್ನು ನಮ್ಮ ಭಾಗದ ನಾಯಿ ಸಾಕುವ ಮನೆಗಳು ನಂಬಿದರೆ ಎಷ್ಟೋ ನಾಯಿಗಳ ನೋವು ತಪ್ಪುತ್ತದೆ.

ಉಂಡ ಕೆಲವೇ ತಾಸುಗಳಲ್ಲಿ ಹಲ್ಲಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ, ಬೆರಳಿಗೆ ಲೋಳೆಯಾಗಿ ಹತ್ತುವ ಪಾಚಿ ಕಟ್ಟುತ್ತದೆ. ಅದು ಬರೀ ಅನ್ನದ ಅಗುಳಲ್ಲ, ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ವಸ್ತಿ. ಒರೆಸದೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಜೊಲ್ಲಿನೊಳಗಿನ ಸುಣ್ಣದಂಶ ಆ ಪಾಚಿಗೆ ಸೇರಿ ಗಟ್ಟಿಯಾಗತೊಡಗುತ್ತದೆ. ಅದೇ ಹಳದಿಯಿಂದ ಕಂದಿಗೆ ತಿರುಗುವ ಕರೆ. ಪಾಚಿಯನ್ನು ಬಟ್ಟೆ ಒರೆಸೀತು, ಕರೆಯನ್ನು ಬ್ರಷ್ಷೂ ಕೀಳಲಾರದು. ಕರೆಯ ಒರಟು ಮೈಮೇಲೆ ಮತ್ತೆ ಪಾಚಿ, ಅದು ಒಸಡಿನ ಅಂಚಿನ ಕೆಳಗೆ ಇಳಿದರೆ ಒಸಡು ಕೆಂಪಾಗಿ ಊದುತ್ತದೆ, ಹಲ್ಲಿಗೂ ಒಸಡಿಗೂ ನಡುವೆ ಸಂದು ಬೀಳುತ್ತದೆ. ಗಾಳಿಯಾಡದ ಆ ಸಂದಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ಗಂಧಕದ ಅನಿಲಗಳೇ ನಾತಕ್ಕೆ ಮೂಲ. ಕೊನೆಗೆ ಹಲ್ಲನ್ನು ಹಿಡಿದಿರುವ ದವಡೆಯ ಎಲುಬೇ ಕರಗುತ್ತದೆ. ನಮ್ಮ ಜೊಲ್ಲಿಗಿಂತ ನಾಯಿಯ ಜೊಲ್ಲು ಹೆಚ್ಚು ಕ್ಷಾರೀಯ. ಹಾಗಾಗಿ ನಮಗೆ ಬರುವ ಹುಳುಕು ಹಲ್ಲು ನಾಯಿಗೆ ಅಪರೂಪ, ಆದರೆ ಕರೆ ಮಾತ್ರ ನಮಗಿಂತ ಬೇಗ ಕಟ್ಟುತ್ತದೆ. ಮೂರು ವರ್ಷ ದಾಟಿದ ಬಹುಪಾಲು ನಾಯಿಗಳಲ್ಲಿ ಒಸಡಿನ ರೋಗ ಒಂದಲ್ಲ ಒಂದು ಹಂತದಲ್ಲಿ ಇದ್ದೇ ಇರುತ್ತದೆ ಎಂದು ಪಶುವೈದ್ಯರು ಹೇಳುವುದು ಇದಕ್ಕೇ.

ನಾಯಿಮರಿಗೆ ಹಾಲುಹಲ್ಲು 28. ಆರೇಳು ತಿಂಗಳಿಗೆ ಅವೆಲ್ಲ ಬಿದ್ದು 42 ಹಲ್ಲು ಕೂಡುತ್ತವೆ, ನಮಗಿಂತ ಹತ್ತು ಹೆಚ್ಚು. ಮುಧೋಳ ನಾಯಿಯಂಥ ಉದ್ದ ದವಡೆಯಲ್ಲಿ ಈ 42 ಹಲ್ಲು ಬಿಡುಬಿಡುವಾಗಿ ಕೂರುತ್ತವೆ. ಗಂಗಾವತಿ, ಕೊಪ್ಪಳದ ಬಡಾವಣೆಗಳಲ್ಲಿ ಈಗ ಗೇಟಿನ ಸಂದಿಯಿಂದ ಬೊಗಳುವ ಪಾಮೇರಿಯನ್‌ಗೂ ಅಷ್ಟೇ ಹಲ್ಲು, ಆದರೆ ದವಡೆ ಅಂಗೈಯಲ್ಲಿ ಹಿಡಿಸುವಷ್ಟು. ಹಲ್ಲುಗಳು ಒತ್ತಿಕೊಂಡು, ಓರೆಯಾಗಿ ಹುಟ್ಟುತ್ತವೆ. ಎಷ್ಟೋ ಸಲ ಹಾಲಿನ ಕೋರೆಹಲ್ಲು ಬೀಳದೆ ಹೊಸ ಕೋರೆಯ ಪಕ್ಕದಲ್ಲೇ ಜೋಡಿಯಾಗಿ ನಿಲ್ಲುತ್ತದೆ, ಆ ಇಕ್ಕಟ್ಟಿನಲ್ಲಿ ಪಾಚಿ ಸೇರುತ್ತದೆ. ಮರಿಗೆ ಏಳು ತಿಂಗಳಾದಾಗ ಹೀಗೆ ಜೋಡಿ ಕೋರೆ ಕಂಡರೆ ಡಾಕ್ಟರಿಗೆ ತೋರಿಸಿ ಹಳೆಯದನ್ನು ಕೀಳಿಸಬೇಕು. ಒಸಡಿನ ರೋಗ ಹೆಚ್ಚು ಕಾಡುವುದು ಇಂಥ ಸಣ್ಣ ನಾಯಿಗಳನ್ನೇ. ದವಡೆಯ ಎಲುಬು ಮೊದಲೇ ತೆಳು, ರೋಗದಿಂದ ಇನ್ನಷ್ಟು ಸವೆದರೆ ಸೋಫಾದಿಂದ ಜಿಗಿದಾಗಲೂ ಮುರಿಯಬಹುದು.

ಬಾಯಿಯೊಳಗೆ ಒಂದು ಜಾಗವನ್ನು ಮಾತ್ರ ಪ್ರತಿಯೊಬ್ಬರೂ ಗುರುತಿಟ್ಟುಕೊಳ್ಳಬೇಕು. ಮೇಲ್ದವಡೆಯಲ್ಲಿ, ಕೆನ್ನೆಯ ಒಳಬದಿಗೆ, ಕಣ್ಣಿನ ನೇರ ಕೆಳಗೆ ಒಂದು ದೊಡ್ಡ ಹಲ್ಲಿದೆ. ಮಾಂಸ ಕತ್ತರಿಸುವ ಹಲ್ಲು ಅದು, ಎಲುಬು ಕಚ್ಚುವಾಗ ನಾಯಿ ತಲೆ ಓರೆ ಮಾಡಿ ಬಳಸುವುದು ಅದನ್ನೇ. ಜೊಲ್ಲಿನ ದೊಡ್ಡ ಗ್ರಂಥಿಯ ನಾಳ ಬಾಯಿಗೆ ತೆರೆಯುವುದೂ ಸರಿಯಾಗಿ ಆ ಹಲ್ಲಿನ ಎದುರಿಗೆ. ಸುಣ್ಣದಂಶ ಮೊದಲು ಸಿಗುವುದು ಅದಕ್ಕೆ, ಕರೆ ಮೊದಲು ದಪ್ಪಗಾಗುವುದೂ ಅಲ್ಲೇ. ಮುಂದಿನ ಹಲ್ಲು ಬೆಳ್ಳಗಿವೆ ಎಂದು ಸಮಾಧಾನಪಟ್ಟುಕೊಂಡ ಮನೆಯಲ್ಲಿ ತುಟಿಯ ಮೂಲೆಯನ್ನು ಕಿವಿಯ ಕಡೆಗೆ ಜಗ್ಗಿ ನೋಡಿದರೆ ಆ ಒಂದು ಹಲ್ಲು ಕಂದು ಚಿಪ್ಪಿನೊಳಗೆ ಮುಚ್ಚಿಹೋಗಿರುತ್ತದೆ.

ಈ ಹಲ್ಲಿನ ಬೇರು ಕೀವಾದರೆ ಬಾವು ಕಾಣಿಸುವುದು ಬಾಯಲ್ಲಲ್ಲ, ಕಣ್ಣಿನ ಕೆಳಗೆ. ಊದಿದ ಜಾಗ ಒಡೆದು ಕೀವು, ರಕ್ತ ಸೋರುತ್ತದೆ. ಮನೆಯವರು ಬೇರೆ ನಾಯಿ ಕಚ್ಚಿರಬೇಕು, ಮುಳ್ಳು ತರಚಿರಬೇಕು ಎಂದುಕೊಂಡು ಅರಿಶಿನ ಹಚ್ಚುತ್ತಾರೆ. ಗಾಯ ಒಣಗುತ್ತದೆ, ತಿಂಗಳು ಬಿಟ್ಟು ಅದೇ ಜಾಗದಲ್ಲಿ ಮತ್ತೆ ಒಡೆಯುತ್ತದೆ. ಬೇರಿನಲ್ಲಿ ಕೀವು ಇರುವವರೆಗೆ ಮೇಲೆ ಎಷ್ಟು ಅರಿಶಿನ ಹಚ್ಚಿದರೂ ಅದು ಮಾಯುವುದಿಲ್ಲ. ಕಣ್ಣಿನ ಕೆಳಗೆ ಮತ್ತೆ ಮತ್ತೆ ಒಡೆಯುವ ಬಾವು ಕಂಡರೆ ಮೊದಲು ಬಾಯಿ ನೋಡಿಸಿ.

ಹಳ್ಳಿಕಡೆ ಈ ವಿಷಯ ತೆಗೆದರೆ ಬರುವ ಇನ್ನೊಂದು ಪ್ರಶ್ನೆ, ‘ತ್ವಾಳಕ್ಕ ಯಾರ ಹಲ್ಲ ತಿಕ್ಕತಾರ್ರಿ?’ ನಮ್ಮಲ್ಲಿ ಈ ಪ್ರಶ್ನೆಗೆ ತೂಕವಿದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಮೀಸಲಾದ ಅಭಯಾರಣ್ಯವಿದೆ. ಕುರುಚಲು ಬಯಲಿನಲ್ಲಿ ತೋಳ ಕಂಡ ಜನ ಕೇಳುವ ಪ್ರಶ್ನೆ ಅದು. ಉತ್ತರ ಮಾತ್ರ ಅವರು ಅಂದುಕೊಂಡಂತಿಲ್ಲ. ತೋಳ ಚರ್ಮ, ನರ, ಕೀಲು ಸಮೇತ ಹರಿದು ತಿನ್ನುತ್ತದೆ, ಆ ಎಳೆದಾಟದಲ್ಲಿ ಹಲ್ಲಿಗೆ ಒಂದಿಷ್ಟು ಉಜ್ಜಾಟ ಸಿಗುವುದು ನಿಜ. ಆದರೂ ಕಾಡಿನ ಪ್ರಾಣಿಗಳ ಹಲ್ಲು ನಿರ್ಮಲವಾಗೇನೂ ಇರುವುದಿಲ್ಲ. ಬೇಟೆಯನ್ನೇ ತಿಂದು ಬದುಕಿದ ಆಫ್ರಿಕದ ಕಾಡುನಾಯಿಗಳ 29 ತಲೆಬುರುಡೆಗಳನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 41ರಷ್ಟಕ್ಕೆ ಒಸಡು ರೋಗದ ಗುರುತುಗಳಿದ್ದವು, ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಮುರಿದ ಹಲ್ಲುಗಳಿದ್ದವು. ಕಾಡಿನ ತೋಳ ಹತ್ತು ವರ್ಷ ಬದುಕಿದರೆ ದೊಡ್ಡದು. ನಮ್ಮ ಮನೆಯ ನಾಯಿ ಹದಿಮೂರು ಹದಿನಾಲ್ಕು ವರ್ಷ ಅದೇ ಹಲ್ಲಿನಲ್ಲಿ ಉಣ್ಣಬೇಕು.

ತಿಕ್ಕಿದರೆ ನಿಜಕ್ಕೂ ಪ್ರಯೋಜನವುಂಟೆ ಎಂಬುದಕ್ಕೂ ಹಳೆಯ, ಗಟ್ಟಿ ಸಾಕ್ಷ್ಯವಿದೆ. ಯಾನ್ ಲಿಂಡೆ, ಹೆರಾಲ್ಡ್ ಲೋ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಪಾಚಿ ಸಲೀಸಾಗಿ ಕಟ್ಟುವಂಥ ಮೆತ್ತನೆಯ ಆಹಾರವನ್ನೇ ಬೀಗಲ್ ನಾಯಿಗಳಿಗೆ ನಾಲ್ಕು ವರ್ಷ ಕೊಟ್ಟರು. ಒಂದು ಗುಂಪಿನ ಹಲ್ಲನ್ನು ದಿನಕ್ಕೆರಡು ಬಾರಿ ತಿಕ್ಕಿದರು, ಇನ್ನೊಂದನ್ನು ಹಾಗೇ ಬಿಟ್ಟರು. ಬಿಟ್ಟವುಗಳ ಒಸಡು ಬೇಗನೆ ಊದಿತು, ನಾಲ್ಕು ವರ್ಷ ಮುಗಿಯುವುದರೊಳಗೆ ಅವುಗಳಲ್ಲಿ ಹೆಚ್ಚಿನವುಗಳ ದವಡೆಯ ಎಲುಬು ಕರಗತೊಡಗಿತ್ತು. ತಿಕ್ಕಿಸಿಕೊಂಡವುಗಳ ಒಸಡು ನಾಲ್ಕನೆಯ ವರ್ಷದಲ್ಲೂ ನೆಟ್ಟಗಿತ್ತು. ಅದೇ ಊಟ, ಅದೇ ತಳಿ, ಅದೇ ವಯಸ್ಸು. ಬೇರೆಯಾಗಿದ್ದದ್ದು ಬ್ರಷ್ಷು. ಮನುಷ್ಯರ ಒಸಡು ರೋಗವನ್ನು ತಿಳಿಯಲೆಂದು ಮಾಡಿದ ಪ್ರಯೋಗ ಅದು, ಆ ನಾಯಿಗಳಿಂದ ಕಲಿತ ಪಾಠ ನಮ್ಮ ನಾಯಿಗಳಿಗಾದರೂ ಸಲ್ಲಬೇಕು.

ನಮ್ಮ ಅಡುಗೆಮನೆಯ ಕಡೆ ಬರೋಣ. ಖಡಕ್ ರೊಟ್ಟಿ ಕಡಿದರೆ ಹಲ್ಲು ತಾನೇ ಸ್ವಚ್ಛವಾಗುತ್ತದೆ ಎಂಬ ನಂಬಿಕೆ ಯಲಬುರ್ಗಾದಲ್ಲೂ ಇದೆ, ಕುಕನೂರಿನಲ್ಲೂ ಇದೆ. ಖಡಕ್ ರೊಟ್ಟಿ ಹಲ್ಲಿನ ತುದಿ ತಾಗಿದ ಕೂಡಲೇ ಪಟ್ಟನೆ ಮುರಿಯುತ್ತದೆ. ಪಾಚಿ ಇರುವುದು ಬುಡದಲ್ಲಿ, ಒಸಡಿನ ಅಂಚಿಗೆ. ಅಲ್ಲಿಗೆ ರೊಟ್ಟಿ ಮುಟ್ಟುವುದೇ ಇಲ್ಲ. ಅಂಗಡಿಯ ಸಾಧಾರಣ ಒಣ ಆಹಾರದ ಕಾಳುಗಳ ಕತೆಯೂ ಬಹುಮಟ್ಟಿಗೆ ಇಷ್ಟೇ. ಗಂಗಾವತಿಯ ಅನ್ನ ಹಾಲು ಉಣ್ಣುವ ನಾಯಿಗೂ, ಕುಷ್ಟಗಿಯ ರೊಟ್ಟಿ ಮಜ್ಜಿಗೆಯ ನಾಯಿಗೂ ಹಲ್ಲು ತಿಕ್ಕಲೇಬೇಕು. ಮೇಲಾಗಿ ಚಹಾದಲ್ಲಿ ಅದ್ದಿದ ಬಿಸ್ಕತ್ತು ಹಾಕುವ ರೂಢಿ ಬಿಡುವುದು ಒಳ್ಳೆಯದು. ಗಜ್ಜರಿ ಚೂರು ಕೊಡಬಹುದು, ಅಗಿಯುವ ಖುಷಿ ಸಿಗುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ದ್ರಾಕ್ಷಿ ತೋಟಗಳಿರುವುದರಿಂದ ಒಂದು ಮಾತು ಸೇರಿಸಲೇಬೇಕು: ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು, ಒಂದು ಕಾಳೂ ಬೇಡ.

ಎಲುಬಿನ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಬೇಯಿಸಿದ ಕೋಳಿ ಎಲುಬು ಸೀಳಿ ಚೂಪಾಗಿ ಗಂಟಲು, ಕರುಳು ಚುಚ್ಚುತ್ತದೆ. ದನ, ಕುರಿಯ ಕಾಲಿನ ಗಟ್ಟಿ ಎಲುಬು, ಕೊಂಬು, ಗೊರಸು ಕೊಟ್ಟರೆ ಆಗಲೇ ಹೇಳಿದ ಕಣ್ಣಿನ ಕೆಳಗಿನ ಹಲ್ಲಿನ ಮಗ್ಗಲು ಚಕ್ಕೆಯಾಗಿ ಎದ್ದು ಬರುತ್ತದೆ, ನರ ತೆರೆದುಕೊಳ್ಳುತ್ತದೆ. ಉಗುರಿನಿಂದ ಒತ್ತಿದರೆ ಸ್ವಲ್ಪವೂ ತಗ್ಗು ಬೀಳದ ವಸ್ತುವನ್ನು ನಾಯಿಗೆ ಕಡಿಯಲು ಕೊಡಬಾರದು.

ನಮ್ಮ ನೆಲಕ್ಕೇ ಸೇರಿದ ಇನ್ನೊಂದು ಕಲೆಯೂ ಇದೆ. ಕುಷ್ಟಗಿ, ಯಲಬುರ್ಗಾ, ಕೊಪ್ಪಳ ತಾಲ್ಲೂಕುಗಳ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ನಡೆದೀತು ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಪಟ್ಟಿಗಳು ಈ ಸೀಮೆಯಲ್ಲಿ ಯಾರಿಗೂ ಹೊಸತಲ್ಲ. ಹಲ್ಲಿನ ಹೊರಕವಚ ಒಸಡಿನೊಳಗೆ ರೂಪುಗೊಳ್ಳುವಾಗಲೇ ಬೀಳುವ ಕಲೆ ಅದು, ಎಷ್ಟು ತಿಕ್ಕಿದರೂ ಹೋಗದು. ನಾಯಿಯ ಶಾಶ್ವತ ಹಲ್ಲಿನ ಕವಚ ತಯಾರಾಗುವುದು ಮರಿಯಾಗಿದ್ದಾಗ, ಮೊದಲ ಮೂರು ನಾಲ್ಕು ತಿಂಗಳಲ್ಲಿ. ಈಗ ಊರೂರಿಗೆ ಶುದ್ಧ ನೀರಿನ ಘಟಕ ಬಂದಿವೆ, ಮನೆಮಂದಿ ಕ್ಯಾನಿನಲ್ಲಿ ಆ ನೀರು ತರುತ್ತಾರೆ, ನಾಯಿಯ ಬಟ್ಟಲಿಗೆ ಮಾತ್ರ ಬೋರಿನ ನೀರು. ಮರಿ ಬೆಳೆಯುವ ಆ ಕೆಲವು ತಿಂಗಳಾದರೂ ನಾವು ಕುಡಿಯುವ ನೀರನ್ನೇ ಅದಕ್ಕೂ ಹಾಕೋಣ. ಲಸಿಕೆ ಇಲ್ಲದೆ ಡಿಸ್ಟೆಂಪರ್ ಬಂದು ಬದುಕುಳಿದ ಮರಿಗಳ ಹಲ್ಲಿನ ಕವಚವೂ ಹೀಗೇ ಕುಳಿಕುಳಿಯಾಗಿ, ಕಂದಾಗಿ ಹುಟ್ಟುತ್ತದೆ. ಹಲ್ಲಿನ ಮೈಯೊಳಗೇ ಇರುವ ಬಣ್ಣವನ್ನು ಕರೆಯೆಂದು ತಿಳಿದು ಕೆರೆಯಲು ಹೋಗಬೇಡಿ. ಮೇಲೆ ಕೂತ ಕರೆ ಒಸಡಿನ ಅಂಚಿನಲ್ಲಿ ದಪ್ಪಗೆ, ಉಬ್ಬಾಗಿ ಸಿಗುತ್ತದೆ. ಒಳಗಿನ ಕಲೆಗೆ ಆ ಉಬ್ಬು ಇರುವುದಿಲ್ಲ.

ಕರೆ ದಪ್ಪಗೆ ಕಟ್ಟಿದ ಮೇಲೆ ಸರಿಯಾದ ದಾರಿ ಒಂದೇ. ನಾಯಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಅಲ್ಟ್ರಾಸಾನಿಕ್ ಯಂತ್ರದಿಂದ ಒಸಡಿನ ಮೇಲೂ ಕೆಳಗೂ ಕರೆ ತೆಗೆದು, ಬೇಕಾದರೆ ಹಲ್ಲಿನ ಎಕ್ಸ್‌-ರೇ ಮಾಡಿ, ಕೆಟ್ಟದ್ದನ್ನು ಕೀಳಬೇಕು. ನಮ್ಮ ತಾಲ್ಲೂಕುಗಳ ದನದ ದವಾಖಾನೆಗಳ ದಿನ ಕಳೆಯುವುದು ಕಾಲುಬಾಯಿ ಲಸಿಕೆ, ಕುರಿಗಳ ಜಂತಿನ ಔಷಧ, ಎಮ್ಮೆ ಹೆರಿಗೆಗಳಲ್ಲಿ. ನಾಯಿಯ ಹಲ್ಲಿಗೆ ಬೇಕಾದ ಯಂತ್ರ ಹುಡುಕಿಕೊಂಡು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕಾಗುತ್ತದೆ. ಖರ್ಚು, ಕೂಲಿ ಬಿಟ್ಟ ದಿನಗಳು, ಬಸ್ಸಿಗೆ ಹತ್ತದ ನಾಯಿ. ಹಾಗಾಗಿ ಮಹಾನಗರದವರಿಗಿಂತ ನಮಗೇ ಮನೆಯ ಆರೈಕೆ ಹೆಚ್ಚು ಬೇಕು. ಅರಿವಳಿಕೆ ಇಲ್ಲದೆ, ನಾಯಿಯನ್ನು ಒತ್ತಿ ಹಿಡಿದು ಕಬ್ಬಿಣದ ಕೊಕ್ಕೆಯಿಂದ ಕೆರೆದು ಬೆಳ್ಳಗೆ ಮಾಡಿಕೊಡುತ್ತೇವೆ ಎನ್ನುವವರ ಕೈಗೆ ಮಾತ್ರ ಕೊಡಬೇಡಿ. ಕಾಣುವ ಭಾಗ ಬೆಳ್ಳಗಾಗುತ್ತದೆ, ರೋಗ ಒಸಡಿನ ಕೆಳಗೆ ಹಾಗೇ ಉಳಿಯುತ್ತದೆ.

ಬಾಯಿಗೆ ಕೈ ಹಾಕುವ ಮುನ್ನ ಒಂದು ಎಚ್ಚರ, ಇದು ಜೀವದ ಪ್ರಶ್ನೆ. ನಾಯಿಯ ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿದ್ದರೆ, ನುಂಗಲು ಆಗದೆ ಒದ್ದಾಡುತ್ತಿದ್ದರೆ ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದು ಬೆರಳು ತೂರಿಸಬೇಡಿ. ಹುಚ್ಚುನಾಯಿ ರೋಗದ ಒಂದು ಬಗೆ ಹೀಗೇ ಕಾಣುತ್ತದೆ, ಅದು ಕಚ್ಚಲೇಬೇಕೆಂದಿಲ್ಲ, ಕೈಯ ಗೀರಿಗೆ ಜೊಲ್ಲು ತಾಗಿದರೂ ಸಾಕು. ಹಾಗೆ ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಹಲ್ಲು ತಿಕ್ಕುವುದು ವರ್ಷ ವರ್ಷ ರೇಬೀಸ್ ಲಸಿಕೆ ಹಾಕಿಸಿದ, ನಿಮ್ಮ ಕೈಯನ್ನು ನಂಬಿದ ಮನೆಯ ನಾಯಿಗೆ ಮಾತ್ರ.

ಈಗ ಕೆಲಸ. ಮೊದಲ ದಿನವೇ ಬ್ರಷ್ ಹಿಡಿದು ಹೋದರೆ ನಾಯಿ ಮರುದಿನ ನಿಮ್ಮನ್ನು ಕಂಡೇ ಓಡುತ್ತದೆ. ಕೆಲವು ದಿನ ಬರೀ ಗದ್ದ ಸವರುವುದು, ತುಟಿಯ ಮೂಲೆ ಎತ್ತಿ ಬಿಡುವುದು, ಶಾಣ್ಯಾ ಎಂದು ಬೆನ್ನು ತಟ್ಟುವುದು. ಆಮೇಲೆ ಉಪ್ಪು, ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕದ ಕೋಳಿ ನೀರಿನಲ್ಲಿ ಬೆರಳು ಅದ್ದಿ ಒಸಡಿನ ಮೇಲೆ ಆಡಿಸಿ. ಅದಕ್ಕೆ ಒಗ್ಗಿದ ಮೇಲೆ ಹಳೆಯ ಧೋತರದ ಮೆತ್ತನೆ ಅರಿವೆ ಚೂರನ್ನು ತೋರುಬೆರಳಿಗೆ ಸುತ್ತಿ, ಉಗುರುಬೆಚ್ಚಗಿನ ನೀರಲ್ಲಿ ಹಿಂಡಿ, ಹಲ್ಲಿನ ಹೊರಮೈ ಒರೆಸಿ. ಅರಿವೆಗೆ ಹತ್ತಿದ ಹಳದಿ ಲೋಳೆ ನೋಡಿದವರಿಗೆ ಮತ್ತೆ ಏನೂ ವಿವರಿಸಬೇಕಾಗಿಲ್ಲ. ಕೊನೆಗೆ ಸಣ್ಣ ಮಕ್ಕಳ ಅತಿ ಮೆತ್ತನೆಯ ಬ್ರಷ್. ಈ ಮೆಟ್ಟಿಲು ಹತ್ತಲು ತಿಂಗಳಾದರೂ ಅಡ್ಡಿಯಿಲ್ಲ. ಎಂಟ್ಹತ್ತು ವಾರದ ಮರಿಯಿಂದ ಶುರುಮಾಡಿದರೆ ಎಲ್ಲಕ್ಕಿಂತ ಸುಲಭ. ಹಾಲುಹಲ್ಲು ಬೀಳುವ ತಿಂಗಳುಗಳಲ್ಲಿ ಒಸಡು ನೋಯುತ್ತದೆ, ಆಗ ಬಟ್ಟೆ ಸಾಕು.

ನಾಯಿಯ ಎದುರಿಗೆ ಕೂರಬೇಡಿ, ಮಗ್ಗಲಿಗೆ ಕೂರಿ. ಎದುರಿಗೆ ಬಗ್ಗಿದ ಮುಖ ಅದಕ್ಕೆ ಬೆದರಿಕೆ. ಬಾಯಿ ಅಗಲಿಸುವ ಅಗತ್ಯವೇ ಇಲ್ಲ, ಬಾಯಿ ಮುಚ್ಚಿದಂತೆಯೇ ಹೆಬ್ಬೆರಳಿನಿಂದ ಮೇಲ್ತುಟಿ ಎತ್ತಿ ಬ್ರಷ್ಷನ್ನು ಕೆನ್ನೆಯ ಸಂದಿಗೆ ಜಾರಿಸಿ. ಎಳೆಗಳು ಒಸಡಿನ ಅಂಚಿಗೆ ಓರೆಯಾಗಿ ತಾಗಲಿ, ಸಣ್ಣಗೆ ಸುತ್ತುಸುತ್ತಾಗಿ ಆಡಿಸಿ. ಮೊದಲು ಮೇಲ್ದವಡೆಯ ಹಿಂದಿನ ದೊಡ್ಡ ಹಲ್ಲು, ಆಮೇಲೆ ಕೋರೆ, ಕೊನೆಗೆ ಮುಂದಿನ ಸಣ್ಣವು. ಒಳಮೈಯನ್ನು ನಾಲಿಗೆ ಒಂದಿಷ್ಟು ಒರೆಸಿಕೊಳ್ಳುತ್ತದೆ, ಅದಕ್ಕಾಗಿ ಗುದ್ದಾಡಬೇಡಿ. ಒಂದೊಂದು ಬದಿಗೆ ಅರ್ಧ ನಿಮಿಷ ಸಾಕು. ರಾತ್ರಿ ರೊಟ್ಟಿ ಹಾಕುವ ಮುಂಚೆ ಇದನ್ನು ಮಾಡಿದರೆ ರೊಟ್ಟಿಯೇ ಬಹುಮಾನವಾಗುತ್ತದೆ, ನಾಯಿ ತಾನಾಗಿ ಬಂದು ಕೂರಲು ಕಲಿಯುತ್ತದೆ. ದಿನಾ ಆದರೆ ಉತ್ತಮ, ದಿನ ಬಿಟ್ಟು ದಿನ ಆದರೂ ನಡೆದೀತು. ವಾರಕ್ಕೊಮ್ಮೆ ತಿಕ್ಕಿದರೆ ಅಷ್ಟರಲ್ಲಿ ಪಾಚಿ ಕರೆಯಾಗಿರುತ್ತದೆ. ಮೊದಮೊದಲು ಬ್ರಷ್ಷಿಗೆ ಸ್ವಲ್ಪ ರಕ್ತ ಹತ್ತಿದರೆ ಹೆದರಿ ನಿಲ್ಲಿಸಬೇಡಿ, ಊದಿದ ಒಸಡು ವಾರ ಎರಡು ವಾರದಲ್ಲಿ ಗಟ್ಟಿಯಾಗುತ್ತದೆ. ಆಮೇಲೂ ರಕ್ತ ಬಂದರೆ, ಹಲ್ಲು ಅಲುಗಿದರೆ, ಮುಟ್ಟಿದೊಡನೆ ನಾಯಿ ಕುಂಯ್‌ಗುಟ್ಟಿದರೆ ಅದು ಡಾಕ್ಟರ ಕೆಲಸ.

ನಮ್ಮ ಪೇಸ್ಟ್ ಮಾತ್ರ ಮುಟ್ಟಿಸಬೇಡಿ. ನಾಯಿಗೆ ಉಗುಳಲು ಬರುವುದಿಲ್ಲ, ಎಲ್ಲವನ್ನೂ ನುಂಗುತ್ತದೆ. ಅದರಲ್ಲಿನ ಫ್ಲೋರೈಡ್, ನೊರೆ ಬರಿಸುವ ವಸ್ತು ಹೊಟ್ಟೆ ಕೆಡಿಸುತ್ತವೆ. ಕೆಲವು ಪೇಸ್ಟುಗಳಲ್ಲಿ, ಸಕ್ಕರೆ ಇಲ್ಲದ ಚೂಯಿಂಗ್ ಗಮ್ಮಿನಲ್ಲಿ ಇರುವ ಕ್ಸೈಲಿಟಾಲ್ ಎಂಬ ಸಿಹಿ ನಾಯಿಗೆ ವಿಷ: ರಕ್ತದ ಸಕ್ಕರೆ ಒಮ್ಮೆಲೇ ಕುಸಿಯುತ್ತದೆ, ಯಕೃತ್ತು ಕೆಡಬಹುದು. ಹಿರಿಯರು ಬಳಸುತ್ತಿದ್ದ ಬೂದಿ, ಇದ್ದಿಲಪುಡಿ, ಉಪ್ಪು ಹಲ್ಲಿನ ಕವಚವನ್ನು ಕೆರೆಯುತ್ತವೆ, ಉಪ್ಪು ಮತ್ತು ಅಡುಗೆ ಸೋಡಾ ಹೊಟ್ಟೆಗೆ ಸೇರಿದರೆ ಸೋಡಿಯಂ ಹೆಚ್ಚುತ್ತದೆ. ಲವಂಗದ ಎಣ್ಣೆ, ಪುದೀನಾ ನಾತವನ್ನು ಮುಚ್ಚುತ್ತವೆಯೇ ಹೊರತು ಪಾಚಿ ತೆಗೆಯುವುದಿಲ್ಲ. ಬೇವಿನಕಡ್ಡಿ ನಮ್ಮ ಕೈಯಲ್ಲಿ ಕುಂಚವಾಗುತ್ತದೆ, ನಾಯಿಯ ಬಾಯಲ್ಲಿ ಸೀಳಾಗಿ ಒಸಡಿಗೆ ಚುಚ್ಚುತ್ತದೆ. ನಾಯಿಗಾಗಿಯೇ ಮಾಡಿದ ಪೇಸ್ಟ್ ಸಿಕ್ಕರೆ ರುಚಿಗೆ ಒಪ್ಪಿಕೊಳ್ಳುತ್ತದೆ, ಒಳ್ಳೆಯದು. ಸಿಗದಿದ್ದರೆ ಬರೀ ನೀರು ಸಾಕು, ಪಾಚಿ ಕೀಳುವುದು ಎಳೆಯ ತಿಕ್ಕಾಟವೇ.

ಹಲ್ಲು ಸ್ವಚ್ಛವಿದ್ದೂ ಬಾಯಿ ನಾರಿದರೆ ಬೇರೆ ಕಾರಣ ಹುಡುಕಬೇಕು. ಉಚ್ಚೆಯಂಥ ಘಾಟು ಮೂತ್ರಪಿಂಡ ಸೋತ ಸೂಚನೆಯಾಗಿರಬಹುದು, ಹಣ್ಣು ಕೊಳೆತಂಥ ಸಿಹಿ ವಾಸನೆ ಸಕ್ಕರೆ ಕಾಯಿಲೆಯದ್ದಾಗಿರಬಹುದು. ಒಂದೇ ಬದಿಯಲ್ಲಿ ಅಗಿಯುವುದು, ತುತ್ತು ಬಾಯಿಂದ ಜಾರುವುದು, ಮುಂಗಾಲಿನಿಂದ ಮುಖ ಉಜ್ಜುವುದು, ಪದೇ ಪದೇ ಸೀನುವುದು, ಇವೆಲ್ಲ ಹಲ್ಲುನೋವಿನ ಭಾಷೆ. ಉಣ್ಣುವುದನ್ನು ಮಾತ್ರ ನಾಯಿ ಕೊನೆಯವರೆಗೂ ಬಿಡುವುದಿಲ್ಲ, ಆದ್ದರಿಂದ ‘ಉಣ್ಣಾಕತ್ತೈತಿ, ಏನೂ ಆಗಿಲ್ಲ’ ಎಂಬ ಸಮಾಧಾನ ನೆಚ್ಚುವಂಥದ್ದಲ್ಲ.

ವಯಸ್ಸಾದ ನಾಯಿಯ ಮನೆಯವರು ಹಲ್ಲು ಕೀಳಿಸಲು ಹಿಂಜರಿಯುತ್ತಾರೆ, ಹಲ್ಲಿಲ್ಲದ ನಾಯಿ ಹೇಗೆ ಉಂಡೀತು ಎಂಬ ಚಿಂತೆ. ಅಲುಗುವ, ಕೀವು ತುಂಬಿದ ಹಲ್ಲಿನಲ್ಲಿ ಅದು ಈಗಲೂ ಅಗಿಯುತ್ತಿಲ್ಲ, ನೋವು ನುಂಗುತ್ತ ಉಣ್ಣುತ್ತಿದೆ. ಕೆಟ್ಟ ಹಲ್ಲು ಕೀಳಿಸಿ ಗಾಯ ಮಾಯಲು ಸುಮಾರು ಎರಡು ವಾರ ಬೇಕು. ಅಷ್ಟು ದಿನ ಮೆತ್ತಗೆ ಬೆಂದ ಅನ್ನವನ್ನೋ, ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿಯನ್ನೋ ಚೆನ್ನಾಗಿ ಹಿಚುಕಿ ಹಾಕಿ. ಉಳಿದ ಹಲ್ಲುಗಳನ್ನು ಡಾಕ್ಟರು ಹೇಳಿದ ದಿನದಿಂದ ಮತ್ತೆ ಅರಿವೆಯಿಂದಲೇ ಒರೆಸಲು ಶುರುಮಾಡಿ.